ಅರೆಶುಷ್ಕ ನಗರಕ್ಕೆ ಮನೆ ಬದಲಿಸುತ್ತಿದ್ದೇವೆ. ಅಲ್ಲಿನ ಹವೆ ನಿಜಕ್ಕೂ ಹೇಗಿರುತ್ತದೆ?

ಹೊಸಮನೆ:
ಎಲ್ಲರಿಗೂ ನಮಸ್ಕಾರ. ಇನ್ನೆರಡು ತಿಂಗಳಲ್ಲಿ ನಾವು ಒಂದು ಅರೆಶುಷ್ಕ ನಗರಕ್ಕೆ ಹೋಗುತ್ತಿದ್ದೇವೆ. ನಾನು ಹುಟ್ಟಿ ಬೆಳೆದದ್ದೆಲ್ಲ ಮಳೆ ಜಾಸ್ತಿ ಬೀಳುವ ಕಡೆ. ಹಾಗಾಗಿ ಸ್ವಲ್ಪ ಭಯ ಇದೆ. ಅಲ್ಲಿನ ಲೆಕ್ಕ ನೋಡಿದರೆ ವರ್ಷಕ್ಕೆ ಸರಾಸರಿ 500 ಮಿಲಿಮೀಟರ್ ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ಅಂತ ಇದೆ. ಈ ಎರಡು ಅಂಕಿ ನೋಡಿ ನನಗೆ ಏನೂ ಗೊತ್ತಾಗಲಿಲ್ಲ. ಲಂಡನ್‌ನಲ್ಲೂ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಅಷ್ಟೇ ಮಳೆ. ಅದನ್ನು ಯಾರೂ ಒಣ ಊರು ಅನ್ನುವುದಿಲ್ಲ, ಅಲ್ವಾ? ಮತ್ತೆ ಇದನ್ನು ಯಾಕೆ ಹಾಗೆ ಕರೆಯುತ್ತಾರೆ?

ಮನೆಯಲ್ಲಿ ಆಸ್ತಮಾ ಇರುವ ಮಗಳಿದ್ದಾಳೆ. ಎಪ್ಪತ್ತು ದಾಟಿದ ಅತ್ತೆ ಇದ್ದಾರೆ. ಇಂಥ ಊರಲ್ಲಿ ವರ್ಷ ಹೇಗೆ ಕಳೆಯುತ್ತದೆ, ಯಾವ ತಿಂಗಳು ಕಷ್ಟ, ಮನೆ ಹುಡುಕುವಾಗ ಏನು ನೋಡಬೇಕು, ಬದುಕಿ ನೋಡಿದವರು ದಯವಿಟ್ಟು ಹೇಳಿ.

ಮಳೆಪುಸ್ತಕ:
ನಿಮ್ಮ ಲಂಡನ್ ಪ್ರಶ್ನೆ ಬಹಳ ಒಳ್ಳೆಯದು. ಅಲ್ಲಿಂದಲೇ ಶುರು ಮಾಡೋಣ.

ಎಷ್ಟು ಮಳೆ ಬಿತ್ತು ಅನ್ನುವುದು ಅರ್ಧ ಲೆಕ್ಕ. ಬಿದ್ದದ್ದರಲ್ಲಿ ಎಷ್ಟು ಆವಿಯಾಗಿ ಹೋಗುತ್ತದೆ ಅನ್ನುವುದು ಉಳಿದರ್ಧ. ವ್ಲಾಡಿಮಿರ್ ಕೋಪೆನ್ ಎಂಬ ಹವಾಮಾನ ವಿಜ್ಞಾನಿ ಇದಕ್ಕೊಂದು ಸುಲಭದ ದಾರಿ ಹಾಕಿಕೊಟ್ಟರು. ಊರಿನ ವಾರ್ಷಿಕ ಸರಾಸರಿ ಉಷ್ಣತೆಯನ್ನು 20ರಿಂದ ಗುಣಿಸಿ. ಮಳೆಯ ಶೇ. 70ಕ್ಕಿಂತ ಜಾಸ್ತಿ ವರ್ಷದ ಬೆಚ್ಚನೆಯ ಅರ್ಧದಲ್ಲಿ ಬೀಳುವುದಾದರೆ ಅದಕ್ಕೆ 280 ಸೇರಿಸಿ. ವರ್ಷಪೂರ್ತಿ ಹಂಚಿ ಬಿದ್ದರೆ 140 ಸೇರಿಸಿ. ಚಳಿಯ ಅರ್ಧದಲ್ಲೇ ಬಹುಪಾಲು ಬಿದ್ದರೆ ಏನೂ ಸೇರಿಸಬೇಡಿ. ಬಂದ ಅಂಕಿಗಿಂತ ಮಳೆ ಕಡಿಮೆ ಇದ್ದರೆ ಅದು ಒಣ ಪ್ರದೇಶ. ಆ ಅಂಕಿಯ ಅರ್ಧವೂ ಬೀಳದಿದ್ದರೆ ಮರುಭೂಮಿ. ಅರ್ಧಕ್ಕೂ ಪೂರ್ತಿಗೂ ನಡುವೆ ಇರುವುದೇ ಅರೆಶುಷ್ಕ.

ನಿಮ್ಮ ಊರಿನ ಸರಾಸರಿ 26 ಡಿಗ್ರಿ ಅಂದುಕೊಳ್ಳಿ, ಮಳೆ ಬೆಚ್ಚನೆಯ ತಿಂಗಳುಗಳಲ್ಲಿ ಬೀಳುತ್ತದೆ ಅಂದುಕೊಳ್ಳಿ. ಲೆಕ್ಕ 800ಕ್ಕೆ ಬರುತ್ತದೆ. ಅಂದರೆ 400ರಿಂದ 800 ಮಿಲಿಮೀಟರ್ ಬಿದ್ದರೂ ಅದು ಅರೆಶುಷ್ಕವೇ. ಲಂಡನ್‌ನ ಸರಾಸರಿ ಸುಮಾರು 11 ಡಿಗ್ರಿ. ಲೆಕ್ಕ 360ರ ಹತ್ತಿರ ನಿಲ್ಲುತ್ತದೆ. ಅಲ್ಲಿ 600 ಬಿದ್ದರೆ ನೆಲ ಒದ್ದೆಯಾಗಿಯೇ ಇರುತ್ತದೆ. ಮಳೆ ಹೆಚ್ಚುಕಡಿಮೆ ಒಂದೇ. ಅದನ್ನು ಕುಡಿದುಬಿಡುವ ಬಿಸಿಲು ಬೇರೆ.

ಎತ್ತರದೂರು:
ಇದಕ್ಕೊಂದು ಮಾತು ಸೇರಿಸುತ್ತೇನೆ. ಅರೆಶುಷ್ಕ ಅಂದ ಕೂಡಲೇ ಎಲ್ಲರೂ ಬಿಸಿಲನ್ನೇ ನೆನೆಯುತ್ತಾರೆ. ಚಳಿಯ ಅರೆಶುಷ್ಕ ಊರುಗಳೂ ಇವೆ. ವಾರ್ಷಿಕ ಸರಾಸರಿ 18 ಡಿಗ್ರಿಗಿಂತ ಕೆಳಗಿದ್ದರೆ ಆ ಗುಂಪು. ಅಮೆರಿಕದ ಡೆನ್ವರ್, ಇರಾನಿನ ಟೆಹರಾನ್, ಮಂಗೋಲಿಯಾದ ಉಲಾನ್‌ಬಾತರ್ ಎಲ್ಲ ಇದರಲ್ಲೇ ಬರುತ್ತವೆ. ಉಲಾನ್‌ಬಾತರ್ ಅಂತೂ ಜಗತ್ತಿನಲ್ಲೇ ಅತಿ ಹೆಚ್ಚು ಚಳಿಯ ರಾಜಧಾನಿ.

ನಾನು ಇಂಥದ್ದೇ ಎತ್ತರದ ಒಣ ನಗರದಲ್ಲಿ ಎಂಟು ವರ್ಷ ಇದ್ದೆ. ಅಲ್ಲಿ ಕಷ್ಟದ ಕಾಲ ಬೇಸಿಗೆ ಅಲ್ಲ, ಚಳಿಗಾಲ. ಗಾಳಿ ಅಲ್ಲಾಡದ ಆ ದಿನಗಳಲ್ಲಿ ನೆಲದ ಹತ್ತಿರದ ತಣ್ಣನೆ ಗಾಳಿಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತುಬಿಡುತ್ತದೆ. ಸುತ್ತ ಬೆಟ್ಟ ಇದ್ದರೆ ಇನ್ನೂ ಕೆಟ್ಟದ್ದು. ವಾಹನದ ಹೊಗೆ, ಒಲೆಯ ಹೊಗೆ ಎಲ್ಲ ಕೆಳಗೇ ಉಳಿಯುತ್ತದೆ. ಟೆಹರಾನ್‌ನಲ್ಲೂ ಉಲಾನ್‌ಬಾತರ್‌ನಲ್ಲೂ ಚಳಿಗಾಲದ ಗಾಳಿ ಕೆಡುವುದು ಹೀಗೇ. ಮಗಳಿಗೆ ಆಸ್ತಮಾ ಇದೆ ಅಂದಿರಿ, ಅದಕ್ಕೇ ಹೇಳಿದೆ. ನೀವು ಹೋಗುವ ಊರು ಬಟ್ಟಲಿನಂಥ ತಗ್ಗಿನಲ್ಲಿದೆಯೋ ಬಯಲಲ್ಲಿದೆಯೋ ಮೊದಲು ನೋಡಿ.

ಹೊಸಮನೆ:
ಬಯಲು ನೆಲ, ಬಿಸಿಯೂರು. ಒಂದು ದಿಕ್ಕಿಗೆ ಸಾಕಷ್ಟು ದೂರದಲ್ಲಿ ಬೆಟ್ಟಸಾಲು ಇದೆ. ಮಳೆಯೆಲ್ಲ ಬೆಟ್ಟದ ಆ ಕಡೆ ಬೀಳುತ್ತದಂತೆ.

ಮಳೆಪುಸ್ತಕ:
ಹಾಗಾದರೆ ಅದು ಮಳೆ ನೆರಳಿನ ಊರು. ತೇವ ತುಂಬಿದ ಗಾಳಿ ಬೆಟ್ಟ ಹತ್ತುವಾಗ ತಣ್ಣಗಾಗುತ್ತದೆ, ಹೊತ್ತುಕೊಂಡು ಬಂದ ನೀರನ್ನು ಆ ಕಡೆಯೇ ಸುರಿಸುತ್ತದೆ. ಈ ಕಡೆ ಇಳಿಯುವಾಗ ಒತ್ತಡ ಹೆಚ್ಚಿ ಬಿಸಿಯಾಗುತ್ತದೆ. ನೀರಿಲ್ಲದೆ ಇಳಿಯುವ ಗಾಳಿ ಪ್ರತಿ ಒಂದು ಕಿಲೋಮೀಟರಿಗೆ ಹತ್ತಿರಹತ್ತಿರ 10 ಡಿಗ್ರಿ ಏರುತ್ತದೆ. ಪಶ್ಚಿಮ ಘಟ್ಟದ ಪೂರ್ವಕ್ಕಿರುವ ಬಳ್ಳಾರಿ, ರಾಕಿ ಪರ್ವತದ ಪೂರ್ವಕ್ಕಿರುವ ಡೆನ್ವರ್, ಎರಡಕ್ಕೂ ಕಥೆ ಒಂದೇ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡ ವಿಷಯ. ಆ 500 ಅನ್ನುವ ಸರಾಸರಿಯನ್ನು ನಂಬಿ ಕೂರಬೇಡಿ. ನಾನು ಹನ್ನೆರಡು ವರ್ಷದಿಂದ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಸರಾಸರಿಗೆ ಹತ್ತಿರ ಬಂದ ವರ್ಷಗಳು ಮೂರು. ಉಳಿದವೆಲ್ಲ ಒಂದೋ ತೀರಾ ಕಡಿಮೆ, ಇಲ್ಲವೇ ಕೈಮೀರಿ ಜಾಸ್ತಿ. ಒಂದು ವರ್ಷ ಮೂರೇ ಮೂರು ಮಳೆಯಲ್ಲಿ ವರ್ಷದ ಅರ್ಧ ನೀರು ಬಂದುಹೋಯಿತು. ಮಳೆ ಕಡಿಮೆ ಇರುವ ಕಡೆ ಅದರ ಏರಿಳಿತ ಜಾಸ್ತಿ. ಒಂದೆರಡು ಭಾರಿ ವರ್ಷಗಳು ಸರಾಸರಿಯನ್ನು ಮೇಲಕ್ಕೆ ಎಳೆದಿರುತ್ತವೆ. ಹಾಗಾಗಿ ಅರ್ಧಕ್ಕಿಂತ ಹೆಚ್ಚು ವರ್ಷ ಸರಾಸರಿಗಿಂತ ಕೆಳಗೇ ಇರುತ್ತವೆ. ಜನ ಇದನ್ನು "ಈ ವರ್ಷ ಮಳೆ ಕೈಕೊಟ್ಟಿತು" ಅನ್ನುತ್ತಾರೆ. ಕೈಕೊಟ್ಟದ್ದಲ್ಲ, ಆ ನೆಲದ ಹವೆ ಇರುವುದೇ ಹಾಗೆ.

ನೀವು ಹವಾಮಾನ ಇಲಾಖೆಯಿಂದ ಕೇಳಬೇಕಾದ ಅಂಕಿ ಬೇರೆ. ಕಳೆದ 30 ವರ್ಷದ ಒಂದೊಂದು ವರ್ಷದ ಮಳೆಯನ್ನೂ ಬಿಡಿಬಿಡಿಯಾಗಿ ಕೇಳಿ. ವರ್ಷಕ್ಕೆ ಎಷ್ಟು ಮಳೆ ದಿನ ಅಂತ ಕೇಳಿ. ಒಂದೇ ದಿನ ಬಿದ್ದ ಅತಿ ದೊಡ್ಡ ಮಳೆ ಎಷ್ಟು ಅಂತ ಕೇಳಿ.

ಸಂಜೆಪಾಳಿ:
ಮೇಡಂ, ನಾನು ದಾದಿ. ಅತ್ತೆಯವರ ವಿಷಯಕ್ಕೆ ಉತ್ತರ ಕೊಡುತ್ತೇನೆ.

ಸೆಕೆ ಬೇರೆ, ಉರಿ ಬೇರೆ. ನೀವು ಸೆಕೆಯ ಊರಿನವರು. ಅಲ್ಲಿ ಬೆವರು ಮೈಮೇಲೆ ನಿಲ್ಲುತ್ತದೆ, ಬಟ್ಟೆ ಅಂಟುತ್ತದೆ, ಸುಸ್ತಾಗುತ್ತಿದೆ ಅಂತ ಗೊತ್ತಾಗುತ್ತದೆ. ಒಣ ಉರಿಯಲ್ಲಿ ಬೆವರು ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಮೈ ಒಣಗಿಯೇ ಇರುತ್ತದೆ. "ನನಗೆ ಬೆವರೇ ಬರಲಿಲ್ಲ, ನಾನು ಆರಾಮಾಗಿದ್ದೇನೆ" ಅನ್ನುತ್ತಾ ವಯಸ್ಸಾದವರು ಕುಸಿದು ಬೀಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒಳಗಿನ ನೀರು ಹೋಗಿರುತ್ತದೆ, ಗುರುತೇ ಸಿಕ್ಕಿರುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ. ಬಾಯಾರುವವರೆಗೆ ಕಾಯಬೇಡಿ, ಗಡಿಯಾರ ನೋಡಿ ನೀರು ಕೊಡಿ. ಮೂತ್ರದ ಬಣ್ಣ ಗಮನಿಸಿ, ಗಾಢ ಹಳದಿ ಆದರೆ ನೀರು ಸಾಲುತ್ತಿಲ್ಲ. ಅವರು ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಬೇಸಿಗೆ ಶುರುವಾಗುವ ಮೊದಲೇ ವೈದ್ಯರ ಹತ್ತಿರ ಮಾತಾಡಿ. ಹೃದಯದ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಎಷ್ಟು ನೀರು ಅನ್ನುವುದನ್ನೂ ವೈದ್ಯರೇ ಹೇಳಬೇಕು.

ಒಂದು ಸಮಾಧಾನವೂ ಇದೆ. ಒಣ ಊರಲ್ಲಿ ರಾತ್ರಿ ತಂಪು. ಹಗಲಿಗೂ ಬೆಳಗಿನ ಜಾವಕ್ಕೂ 15 ಡಿಗ್ರಿ ವ್ಯತ್ಯಾಸ ಇಂಥ ಕಡೆ ಅಪರೂಪ ಅಲ್ಲ. ಮೈಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ.

ಸುಣ್ಣದಗೋಡೆ:
ರಾತ್ರಿ ತಂಪು ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಊರಾಚೆ ಬಯಲಲ್ಲಿ ಹೌದು. ಅಲ್ಲಿ ಗಾಳಿಯಲ್ಲಿ ನೀರಾವಿ ಕಡಿಮೆ, ಮೋಡ ಇಲ್ಲ. ನೆಲದ ಕಾವು ತಡೆ ಇಲ್ಲದೆ ಆಕಾಶಕ್ಕೆ ಹೋಗಿಬಿಡುತ್ತದೆ. ಆದರೆ ನಗರದ ನಡುವೆ ಕಾಂಕ್ರೀಟು, ಡಾಂಬರು ಹಗಲೆಲ್ಲ ಹೀರಿದ್ದನ್ನು ರಾತ್ರಿಯೆಲ್ಲ ಉಗುಳುತ್ತವೆ. ಎದುರುಬದುರು ಎತ್ತರದ ಕಟ್ಟಡ ಇದ್ದರೆ ಆ ಕಾವು ಅಲ್ಲಲ್ಲೇ ಸುತ್ತುತ್ತದೆ. ನಾನು ಕಟ್ಟಡದ ಕೆಲಸ ಮಾಡುವವನು. ಮೇಲಿನ ಮಹಡಿಯ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೂ ಛಾವಣಿಗೆ ಕೈ ಇಟ್ಟರೆ ಬೆಚ್ಚಗಿರುತ್ತದೆ.

ಸ್ವಾರಸ್ಯ ಏನೆಂದರೆ, ಒಣ ಸೀಮೆಯಲ್ಲಿ ಹಗಲು ಹೊತ್ತಿಗೆ ಊರು ಸುತ್ತಲಿನ ಬರಡು ನೆಲಕ್ಕಿಂತ ತಂಪಾಗಿರುವುದೂ ಉಂಟು. ಮರಗಳಿದ್ದು, ಅವಕ್ಕೆ ನೀರು ಸಿಗುತ್ತಿದ್ದರೆ ಮಾತ್ರ. ಎಲೆಯಿಂದ ಆವಿಯಾಗುವ ನೀರು ಸುತ್ತಲಿನ ಕಾವನ್ನು ಎಳೆದುಕೊಳ್ಳುತ್ತದೆ.

ಮನೆ ಹುಡುಕುವಾಗ ನಾಲ್ಕು ಮಾತು. ಮೇಲಿನ ಮಹಡಿ ಬೇಡ. ಪಶ್ಚಿಮಕ್ಕೆ ದೊಡ್ಡ ಕಿಟಕಿ ಇರುವ ಮನೆ ಬೇಡ. ದಪ್ಪ ಗೋಡೆ ಇದ್ದರೆ ಒಳ್ಳೆಯದು. ಎದುರುಬದುರು ಕಿಟಕಿ ಇರಲೇಬೇಕು. ಬೆಳಿಗ್ಗೆ ಬಿಸಿಲು ಏರುವ ಮೊದಲೇ ಕಿಟಕಿ, ಪರದೆ ಎಲ್ಲ ಮುಚ್ಚಿಬಿಡಿ. ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಮೇಲೆ ಎಲ್ಲ ತೆರೆಯಿರಿ. ಹಸಿ ಊರಿಂದ ಬಂದವರು ಮಧ್ಯಾಹ್ನ ಕಿಟಕಿ ತೆರೆದಿಡುತ್ತಾರೆ, ಬಿಸಿಗಾಳಿಯನ್ನು ತಾವೇ ಒಳಗೆ ಕರೆದ ಹಾಗಾಗುತ್ತದೆ. ತಾರಸಿಗೆ ಬಿಳಿ ಸುಣ್ಣ ಹೊಡೆಸಿ. ಖರ್ಚು ಕಡಿಮೆ, ಉಪಯೋಗ ಬಹಳ.

ಗಾಳಿಪಟ:
ಏಸಿ ಬೇಕಾ, ಕೂಲರ್ ಸಾಕಾ? ಒಣ ಊರಲ್ಲಿ ಕೂಲರೇ ಸಾಕು ಅಂತ ಎಲ್ಲರೂ ಹೇಳುತ್ತಾರೆ.

ಸುಣ್ಣದಗೋಡೆ:
ಬೇಸಿಗೆಯ ಬಹುಪಾಲಿಗೆ ಸಾಕು. ನೀರಿನ ಕೂಲರ್ ಗಾಳಿಯನ್ನು ಎಷ್ಟು ತಂಪು ಮಾಡಬಲ್ಲದು ಅನ್ನುವುದು ತೇವಾಂಶದ ಮೇಲೆ ನಿಂತಿದೆ. ಹೊರಗೆ 40 ಡಿಗ್ರಿ, ತೇವಾಂಶ ಶೇ. 20 ಇದ್ದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಸುಮಾರು 23 ಡಿಗ್ರಿ ತೋರಿಸುತ್ತದೆ. ಕೂಲರ್ ಇದಕ್ಕಿಂತ ಕೆಳಗೆ ಹೋಗಲಾರದು, ಆದರೆ ಒಳ್ಳೆಯ ಕೂಲರ್ ಇದರ ಹತ್ತಿರ ಬರುತ್ತದೆ. ಹೊರಗೆ 35 ಡಿಗ್ರಿ, ತೇವಾಂಶ ಶೇ. 60 ಆದರೆ ಆ ಮಿತಿಯೇ 28ರ ಮೇಲೆ ಇರುತ್ತದೆ. ಆಗ ಕೂಲರ್ ಹಾಕಿದರೆ ಮನೆ ಹಸಿಹಸಿ ಆಗುತ್ತದೆಯೇ ಹೊರತು ತಂಪು ಸಿಗುವುದಿಲ್ಲ.

ತಾರಸಿತೋಟ:
ಆ ಎರಡನೆಯ ಸ್ಥಿತಿ ಬರುವುದು ಯಾವಾಗ ಅಂತ ಹೇಳಿಬಿಡಿ, ಅದೇ ಮುಖ್ಯ. ಮಳೆಗಾಲ ಶುರುವಾಗುವ ಮುಂಚಿನ ಎರಡು ಮೂರು ವಾರ! ಗಾಳಿಗೆ ತೇವ ಬಂದಿರುತ್ತದೆ, ಮಳೆ ಬಂದಿರುವುದಿಲ್ಲ. ಥರ್ಮಾಮೀಟರ್ ನೋಡಿದರೆ ಉಷ್ಣತೆ ಇಳಿದಿದೆ ಅನ್ನಿಸುತ್ತದೆ, ಮೈಗೆ ಮಾತ್ರ ತಡೆಯಲು ಆಗುವುದಿಲ್ಲ. ರಾತ್ರಿಯೂ ಇಳಿಯುವುದಿಲ್ಲ. ಮೋಡ ದಿನಾ ಮಧ್ಯಾಹ್ನ ಕವಿಯುತ್ತದೆ, ಗುಡುಗುತ್ತದೆ, ಹೋಗುತ್ತದೆ. ನನ್ನ ಮಟ್ಟಿಗೆ ವರ್ಷದ ಅತಿ ಕಷ್ಟದ ದಿನಗಳು ಅವೇ, 40 ಡಿಗ್ರಿಯ ದಿನಗಳಲ್ಲ. ಅತ್ತೆಯವರನ್ನು ಆಗ ಹೆಚ್ಚು ಜೋಪಾನ ಮಾಡಿ.

ಆ ದಿನಗಳಲ್ಲೇ ಇನ್ನೊಂದು ನೋಡುತ್ತೀರಿ. ದೂರದ ಮೋಡದಿಂದ ಮಳೆ ಬೂದು ಪರದೆಯ ಹಾಗೆ ಇಳಿಯುತ್ತಿರುತ್ತದೆ, ನೆಲ ಮುಟ್ಟುವುದೇ ಇಲ್ಲ. ನಡುದಾರಿಯಲ್ಲೇ ಆರಿಹೋಗುತ್ತದೆ. ಮೊದಲ ಸಲ ನೋಡಿದಾಗ ನನಗೆ ಅಳು ಬಂದಿತ್ತು. ಗಿಡಗಳೆಲ್ಲ ಬಾಡಿ ನಿಂತಿದ್ದವು.

ಎತ್ತರದೂರು:
ಆ ನೆಲ ಮುಟ್ಟದ ಮಳೆಯೇ ದೊಡ್ಡ ಗಾಳಿ ಎಬ್ಬಿಸುತ್ತದೆ ತಾರಸಿತೋಟ ಅಕ್ಕ. ಹನಿ ಆವಿಯಾಗುವಾಗ ಸುತ್ತಲಿನ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ರಭಸವಾಗಿ ಕೆಳಗೆ ಬಿದ್ದು ನಾಲ್ಕೂ ಕಡೆ ಹರಡುತ್ತದೆ. ವಿಮಾನಗಳಿಗೆ ಇದು ಬಹಳ ಅಪಾಯ. 1982ರಲ್ಲಿ ಡೆನ್ವರ್ ವಿಮಾನ ನಿಲ್ದಾಣದ ಸುತ್ತ ವಿಜ್ಞಾನಿಗಳು ಇದನ್ನೇ ರೇಡಾರ್ ಇಟ್ಟು ಅಭ್ಯಾಸ ಮಾಡಿದರು.

ಮಳೆಪುಸ್ತಕ:
ಹೌದು, ಮತ್ತೆ ಆ ಗಾಳಿ ಒಣ ಮಣ್ಣಿನ ಮೇಲೆ ಹರಿದರೆ ಧೂಳಿನ ಗೋಡೆ ಏಳುತ್ತದೆ. ಕೆಲವೇ ನಿಮಿಷದಲ್ಲಿ ಎದುರಿನ ಮನೆ ಕಾಣುವುದಿಲ್ಲ. ಅಮೆರಿಕದ ಬಯಲು ಸೀಮೆಯಲ್ಲಿ 1930ರ ದಶಕದಲ್ಲಿ ನಡೆದದ್ದು ಎಲ್ಲರೂ ತಿಳಿಯಬೇಕಾದ ಪಾಠ. ಹುಲ್ಲಿನ ನೆಲ ಉತ್ತು ಬಿಟ್ಟರು. ಬರ ಬಂತು. ಮೇಲ್ಮಣ್ಣು ಹಿಡಿದಿಡಲು ಬೇರೇ ಇರಲಿಲ್ಲ. 1935ರ ಏಪ್ರಿಲ್ 14ರಂದು ಎದ್ದ ಧೂಳಿಗೆ ಹಗಲೇ ಕತ್ತಲಾಯಿತು. ಆ ದಿನವನ್ನು ಈಗಲೂ ಕಪ್ಪು ಭಾನುವಾರ ಅಂತಲೇ ಕರೆಯುತ್ತಾರೆ. ನಗರದ ಧೂಳು ಬಹಳ ಸಲ ನಗರದ್ದಲ್ಲ, ಸುತ್ತಲಿನ ಬರಿ ಹೊಲದ್ದು.

ಸಂಜೆಪಾಳಿ:
ಮಗಳಿಗೆ: ಧೂಳುಗಾಳಿ ಕಂಡ ಕೂಡಲೇ ಒಳಗೆ. ಕಿಟಕಿಯ ಸಂದಿಗೆ ಒದ್ದೆ ಬಟ್ಟೆ. ಗಾಳಿ ನಿಂತ ಮೇಲೆ ಕಸಬರಿಗೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್. ಇನ್‌ಹೇಲರ್ ಶಾಲೆಯ ಚೀಲದಲ್ಲಿ ಒಂದು, ಮನೆಯಲ್ಲಿ ಒಂದು. ಹೊಸ ಊರಿಗೆ ಹೋದ ಮೊದಲ ವಾರದಲ್ಲೇ ಅಲ್ಲಿನ ವೈದ್ಯರಿಗೆ ತೋರಿಸಿಬಿಡಿ, ದಾಳಿ ಬರಲಿ ಅಂತ ಕಾಯಬೇಡಿ.

ಗಾಳಿಪಟ:
ಒಂದು ಅನುಮಾನ. ಇಷ್ಟು ಒಣ ಊರು ಅಂತೀರಿ, ಹಾಗಿದ್ದರೆ ಪ್ರವಾಹದ ಚಿಂತೆ ಇಲ್ಲ, ಅಲ್ವಾ?

ಮಳೆಪುಸ್ತಕ:
ದಯವಿಟ್ಟು ಹಾಗೆ ತಿಳಿಯಬೇಡಿ. ಇದೊಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ಮನೆ ಹೋಗಿವೆ.

ಬುರ್ಕಿನಾ ಫಾಸೋದ ರಾಜಧಾನಿ ವಾಗಡೂಗು, ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಸಹೇಲ್ ಎಂಬ ಒಣ ಸೀಮೆಯ ಅಂಚಿನ ಅರೆಶುಷ್ಕ ನಗರ. 2009ರ ಸೆಪ್ಟೆಂಬರ್ 1ರಂದು ಅಲ್ಲಿ ಒಂದೇ ದಿನ 250 ಮಿಲಿಮೀಟರ್‌ಗಿಂತ ಜಾಸ್ತಿ ಸುರಿಯಿತು. ಹತ್ತಿರಹತ್ತಿರ ವರ್ಷದ ಮೂರನೇ ಒಂದು ಭಾಗ. ಲಕ್ಷಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು.

ಒಣ ನೆಲ ನೀರು ಬೇಗ ಕುಡಿಯುತ್ತದೆ ಅಂತ ನಮಗೆ ಅನ್ನಿಸುತ್ತದೆ. ಬಿರುಮಳೆಯಲ್ಲಿ ಆಗುವುದು ಉಲ್ಟಾ. ಗಿಡದ ಹೊದಿಕೆ ಇಲ್ಲದ ಮಣ್ಣಿಗೆ ದಪ್ಪ ಹನಿ ಹೊಡೆದಾಗ ಮೇಲಿನ ಕಣಗಳು ಒಡೆದು ಸಂದು ಮುಚ್ಚಿಬಿಡುತ್ತವೆ. ನೆಲದ ಮೇಲೆ ಒಂದು ಹೆಪ್ಪು ಕಟ್ಟಿದ ಹಾಗಾಗುತ್ತದೆ. ನೀರು ಒಳಗಿಳಿಯದೆ ಹರಿದು ಓಡುತ್ತದೆ. ಮೂರು ವರ್ಷ ನೀರೇ ಕಾಣದ ಹಳ್ಳ ಅರ್ಧ ಗಂಟೆಯಲ್ಲಿ ತುಂಬುತ್ತದೆ. ಆ ಮೂರು ವರ್ಷದಲ್ಲಿ ಹಳ್ಳ ಇತ್ತು ಅನ್ನುವುದನ್ನೇ ಜನ ಮರೆತಿರುತ್ತಾರೆ. ಅದರೊಳಗೇ ಮನೆ ಕಟ್ಟಿರುತ್ತಾರೆ, ಬಾಡಿಗೆಗೂ ಕೊಡುತ್ತಾರೆ. ನನ್ನ ಪರಿಚಯದ ಒಂದು ಕುಟುಂಬಕ್ಕೆ ಹೀಗೇ ಆಯಿತು. ಮನೆ ಕೊಟ್ಟವರು ಒಂದು ಮಾತೂ ಹೇಳಿರಲಿಲ್ಲ. ರಾತ್ರಿ ಮೂರು ಗಂಟೆಗೆ ಹಾಸಿಗೆಯ ಮಟ್ಟಕ್ಕೆ ನೀರು. ಅವರು ಬದುಕಿದ್ದು ಪಕ್ಕದ ಮನೆಯವರು ಬಾಗಿಲು ಬಡಿದದ್ದರಿಂದ.

ಹೊಸಮನೆಯವರೇ, ಮನೆ ನೋಡಲು ಹೋದಾಗ ರಸ್ತೆ ಯಾವ ಕಡೆ ಇಳಿಯುತ್ತದೆ ನೋಡಿ. ಸೇತುವೆ ಇದ್ದು ಕೆಳಗೆ ನೀರಿಲ್ಲದಿದ್ದರೆ ಆ ಸೇತುವೆ ಯಾಕಿದೆ ಅಂತ ಕೇಳಿ. ಗೋಡೆಗಳ ಮೇಲೆ ಹಳೆಯ ನೀರಿನ ಗೆರೆ ಹುಡುಕಿ. ಮನೆ ಕೊಡುವವರನ್ನು ಕೇಳಿ ಪ್ರಯೋಜನ ಇಲ್ಲ. ಅಲ್ಲೇ ಮೂವತ್ತು ವರ್ಷದಿಂದ ಇರುವ ಅಜ್ಜಿಯನ್ನು ಕೇಳಿ.

ಗಾಳಿಪಟ:
ಧನ್ಯವಾದ ಸರ್. ಇನ್ನೊಂದು. ಜಗತ್ತು ಬಿಸಿಯಾಗುತ್ತಿದೆ ಅಂದರೆ ಈ ಊರುಗಳಲ್ಲಿ ಮಳೆ ಇನ್ನೂ ಕಡಿಮೆ ಆಗುತ್ತದೆಯೇ?

ಮಳೆಪುಸ್ತಕ:
ಎಲ್ಲ ಕಡೆ ಒಂದೇ ಉತ್ತರ ಇಲ್ಲ. ಆದರೆ ಎರಡು ಮಾತು ಗಟ್ಟಿ. ಉಷ್ಣತೆ ಏರಿದರೆ ಬಿದ್ದ ಮಳೆ ಬೇಗ ಆವಿಯಾಗುತ್ತದೆ, ಅಷ್ಟೇ ಮಳೆ ಬಂದರೂ ನೆಲ ಮೊದಲಿಗಿಂತ ಒಣಗುತ್ತದೆ. ಮೇಲೆ ಹೇಳಿದ ಲೆಕ್ಕದಲ್ಲೇ ನೋಡಿ, ಸರಾಸರಿ 1 ಡಿಗ್ರಿ ಏರಿದರೆ ಗಡಿ 20 ಮಿಲಿಮೀಟರ್ ಮೇಲೆ ಹೋಗುತ್ತದೆ. ಎರಡನೆಯದು, 1 ಡಿಗ್ರಿ ಬಿಸಿಯಾದ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ಸುರಿಯುವಾಗ ಜೋರಾಗಿ ಸುರಿಯುತ್ತದೆ. ಬರವೂ ನೆರೆಯೂ ಒಂದೇ ಊರಿಗೆ, ಕೆಲವು ಸಲ ಒಂದೇ ವರ್ಷದಲ್ಲಿ.

ಒಣ ವರ್ಷಗಳು ಗುಂಪಾಗಿ ಬರುವುದೂ ಉಂಟು. ಸಹೇಲ್‌ನಲ್ಲಿ 1960ರ ದಶಕದ ಕೊನೆಯಿಂದ 1980ರ ದಶಕದವರೆಗೂ ಬರ ಕಾಡಿತು. ಒಂದು ವರ್ಷದ ನೀರು ಕೂಡಿಟ್ಟರೆ ಸಾಲದು ಅನ್ನುವುದು ಅದಕ್ಕೇ.

ತಾರಸಿತೋಟ:
ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದಲೇ ಬಳಸಿದ ನೀರನ್ನು ಶುದ್ಧ ಮಾಡಿ ಮತ್ತೆ ಕುಡಿಯಲು ಕೊಡುತ್ತಿದೆ. ಜಗತ್ತಿನಲ್ಲಿ ಅದೇ ಮೊದಲು. ಹತ್ತಿರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಬೇರೆ ದಾರಿಯೂ ಇರಲಿಲ್ಲ. ಬೇರೆ ಒಣ ಊರುಗಳು ಇನ್ನೂ ಯಾಕೆ ಯೋಚಿಸುತ್ತಾ ಕೂತಿವೆ ಅಂತ ನನಗೆ ಬೇಸರ ಆಗುತ್ತದೆ.

ಮನೆ ಮಟ್ಟಿಗೆ ಒಂದು ಸುಲಭ ಲೆಕ್ಕ ನೆನಪಿಡಿ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್ ನೀರು. 100 ಚದರ ಮೀಟರ್ ತಾರಸಿಗೆ 10 ಮಿಲಿಮೀಟರ್ ಬಿದ್ದರೆ 1,000 ಲೀಟರ್.

ಹೊಸಮನೆ:
ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಎರಡು ಮನೆ ನೋಡಿದ್ದೆವು. ಅಗ್ಗದ್ದು ಒಣ ಹಳ್ಳದ ಪಕ್ಕದ್ದು. ಅದನ್ನು ಬಿಟ್ಟೆವು.

ಹೊಸಮನೆ (ಐದು ತಿಂಗಳ ನಂತರ):
ಇಲ್ಲಿ ಬಂದು ಬರೆಯುತ್ತೇನೆ ಅಂತ ಅಂದುಕೊಂಡಿದ್ದೆ, ಬರೆಯುತ್ತಿದ್ದೇನೆ. ಬೇಸಿಗೆ ದಾಟಿದೆವು. ತಾರಸಿತೋಟ ಅಕ್ಕ ಹೇಳಿದ್ದು ಅಕ್ಷರಶಃ ನಿಜ. ಬಿಸಿಲಿನ ದಿನಗಳನ್ನು ಅತ್ತೆ ಆರಾಮಾಗಿ ಕಳೆದರು, ಮಳೆಯ ಮುಂಚಿನ ಆ ಮೂರು ವಾರ ಮಾತ್ರ ನಮ್ಮೆಲ್ಲರನ್ನೂ ಹಣ್ಣು ಮಾಡಿತು. ಮಗಳಿಗೆ ಎರಡು ಸಲ ಇನ್‌ಹೇಲರ್ ಬೇಕಾಯಿತು, ಎರಡೂ ಧೂಳುಗಾಳಿಯ ದಿನ.

ನಿನ್ನೆ ಸಂಜೆ ಮೊದಲ ಮಳೆ. ಮಳೆಮಾಪಕ ತಂದಿಟ್ಟಿದ್ದೆ. 6 ಮಿಲಿಮೀಟರ್. ಎಷ್ಟು ಚಿಕ್ಕ ಅಂಕಿ! ಆದರೆ ಆ ಮಣ್ಣಿನ ಘಮ... ನಾನು ಹುಟ್ಟಿದಾಗಿನಿಂದ ಮಳೆ ನೋಡಿದವಳು, ಇಷ್ಟು ಗಾಢವಾದ ಘಮ ಎಂದೂ ಸಿಕ್ಕಿರಲಿಲ್ಲ. ಒಣ ಊರಲ್ಲೇ ಯಾಕೆ ಹೀಗೆ?

ಮಳೆಪುಸ್ತಕ:
ದಿನಗಟ್ಟಲೆ ಒಣಗಿದ ಕಲ್ಲು ಮಣ್ಣಿಗೆ ಗಿಡಗಳ ಎಣ್ಣೆಯಂಶ ಅಂಟಿಕೊಂಡಿರುತ್ತದೆ. ಮಣ್ಣಿನ ಬ್ಯಾಕ್ಟೀರಿಯಾ ಮಾಡುವ ಜಿಯೋಸ್ಮಿನ್ ಎಂಬ ವಸ್ತುವೂ ಇರುತ್ತದೆ. ಹನಿ ಬಿದ್ದಾಗ ಇವು ಗಾಳಿಗೆ ಚಿಮ್ಮುತ್ತವೆ. ಹೆಚ್ಚು ದಿನ ಒಣಗಿದ್ದಷ್ಟೂ ಘಮ ಜಾಸ್ತಿ. ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು 1964ರಲ್ಲಿ ಈ ಘಮಕ್ಕೆ ಪೆಟ್ರಿಕೋರ್ ಅಂತ ಹೆಸರಿಟ್ಟರು. ಜಿಯೋಸ್ಮಿನ್ ಎಷ್ಟು ಕಡಿಮೆ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ.

ತಾರಸಿತೋಟ:
ತುಂಬಾ ಖುಷಿ ಆಯಿತು ತಂಗಿ. ಮೊದಲ ಮಳೆಯ ನೀರನ್ನು ತೊಟ್ಟಿಗೆ ಬಿಡಲಿಲ್ಲ ತಾನೇ? ತಿಂಗಳುಗಟ್ಟಲೆ ಕೂತ ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲಿ ಇರುತ್ತದೆ. ಅದು ಹೊರಗೆ ಹೋಗಲಿ. ಮುಂದಿನ ಮಳೆಯಿಂದ ತುಂಬಿಸಿ, ಬಾಯಿಗೆ ಸೊಳ್ಳೆ ಹೋಗದ ಹಾಗೆ ಜಾಲರಿ ಕಟ್ಟಿ.

ಹೊಸಮನೆ:
ಬಿಡಲಿಲ್ಲ ಅಕ್ಕ, ಹೊರಗೇ ಹರಿಸಿದೆ. ಇವತ್ತು ಬೆಳಗಿನ ಜಾವ ಮತ್ತೆ ಬಂತು, 14 ಮಿಲಿಮೀಟರ್. ಪುಸ್ತಕದಲ್ಲಿ ಎರಡನೆಯ ಸಾಲು ಬರೆದೆ. ಮಾಪಕ ನೋಡುವ ಕೆಲಸ ಇನ್ನು ತಮ್ಮದು ಅಂತ ಅತ್ತೆ ಹೇಳಿದ್ದಾರೆ. ಎಷ್ಟು ಹೊತ್ತಿಗೆ ನೋಡಬೇಕು ಅಂತ ಕೇಳುತ್ತಿದ್ದಾರೆ.

ಮಳೆಪುಸ್ತಕ:
ಬೆಳಿಗ್ಗೆ, ದಿನಾ ಒಂದೇ ಹೊತ್ತಿಗೆ. ನೋಡಿ, ಬರೆದು, ಆಮೇಲೆ ನೀರು ಚೆಲ್ಲಿ ಮಾಪಕ ಖಾಲಿ ಮಾಡಲಿ. ಮಳೆ ಬಾರದ ದಿನವೂ ಸೊನ್ನೆ ಅಂತ ಬರೆಯಬೇಕು ಅಂತ ಹೇಳಿ.